ಹೋದವರು ಮರಳಬೇಕೆ?

ವೈದ್ಯವಿದ್ಯೆಗೆಂದು ಹೊರದೇಶಕ್ಕೆ ಹೋದವರು ಅಲ್ಲಿಯೇ ನೆಲಸಬೇಕೆ, ಇಲ್ಲವೆ ತಾಯ್ನಾಡಿಗೆ ಮರಳಬೇಕೆ ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ನಾವೆಲ್ಲರೂ ಇದರ ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ಮಾತನಾಡಿ ಚಪ್ಪಾಳೆ ಗಿಟ್ಟಿಸಿದವರೇ. ಆದರೆ ಈ ವರ್ಷ ಅದೇ ಪ್ರಶ್ನೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತಿದೆ. ವೇದಿಕೆಯ ಮೇಲೆ ಕೊಟ್ಟ ಉತ್ತರ ಜಗಲಿಯ ಮೇಲೆ ಸಾಲದೆಂಬುದು ನನಗೆ ಈಗ ತಿಳಿದಿದೆ. ಆದುದರಿಂದ ಮಿತ್ರರ ಹಾಗೂ ಗುರುಗಳ ಮುಂದೆ ನನ್ನ ಅಭಿಪ್ರಾಯವನ್ನು ಇಡುವ ಧೈರ್ಯ ಮಾಡಿದ್ದೇನೆ.

ನನ್ನ ದೊಡ್ಡಪ್ಪನ ಮಗ ಯಳಂದೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಡಾಕ್ಟರಾದ ಮೊದಲಿಗ. ದೊಡ್ಡಪ್ಪನಿಗೆ ಇರುವುದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ರೇಷ್ಮೆಹುಳು ಸಾಕಿ, ಗೂಡು ಮಾರಿ ಮಗನನ್ನು ಓದಿಸಿದರು. ಅಣ್ಣನಿಗೆ ಸರ್ಕಾರಿ ಕಾಲೇಜಿನಲ್ಲಿಯೇ ಸೀಟು ದೊರೆಯಿತು. ಆದರೆ ಮುಂದಿನ ವ್ಯಾಸಂಗಕ್ಕೆ ನೀಟ್ ಪಿಜಿ ಪರೀಕ್ಷೆಯನ್ನು ಎರಡು ಸಲ ಬರೆದರೂ ಬಯಸಿದ ವಿಭಾಗ ದೊರೆಯಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಎಷ್ಟೆಂದು ಕೇಳಿದ ದೊಡ್ಡಪ್ಪ, "ತೋಟ ಮನೆ ಎರಡ್ನೂ ಮಾರುದ್ರೂ ಆಗಾದಿಲ್ಲ ಕಪ್ಪ" ಎಂದು ಸುಮ್ಮನಾದರು. ಆಮೇಲೆ ಅಣ್ಣ ಅಮೆರಿಕದ ವೈದ್ಯ ಪರೀಕ್ಷೆಗಳಿಗೆ ಕುಳಿತ. ಇಲ್ಲಿ ಬಾಗಿಲು ಮುಚ್ಚಿದ್ದರಿಂದ ಅವನು ಅಲ್ಲಿಯ ಬಾಗಿಲು ತಟ್ಟಿದನೇ ಹೊರತು ಡಾಲರಿನ ಆಸೆಯಿಂದಲ್ಲ. ಇದನ್ನು ಮೊದಲೇ ಹೇಳುವುದು ನ್ಯಾಯ.

ಆ ದೇಶದಲ್ಲಿ ಈ ವ್ಯಾಸಂಗವನ್ನು ರೆಸಿಡೆನ್ಸಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ತರಬೇತಿ ಅದು, ಸಂಬಳವೂ ಉಂಟು. ಅಣ್ಣ ಆರಿಸಿಕೊಂಡ ಇಂಟರ್ನಲ್ ಮೆಡಿಸಿನ್ ವಿಭಾಗಕ್ಕೆ ಮೂರು ವರ್ಷ. ವೈದ್ಯರು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿಯನ್ನೂ, ಆಸ್ಪತ್ರೆಗಳು ತಮಗೆ ಬೇಕಾದ ವೈದ್ಯರ ಪಟ್ಟಿಯನ್ನೂ ಕೊಡುತ್ತವೆ. ಎರಡನ್ನೂ ತಾಳೆ ಹಾಕಿ ಸ್ಥಳ ಹಂಚುತ್ತಾರೆ. 1952ರಿಂದ ನಡೆದುಬಂದ ಈ ಪದ್ಧತಿಗೆ ಮ್ಯಾಚ್ ಎಂದು ಹೆಸರು. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ. ಅಣ್ಣನ ಫಲಿತಾಂಶ ಬಂದ ರಾತ್ರಿ ನಮ್ಮ ಬೀದಿಯವರೆಲ್ಲರಿಗೂ ದೊಡ್ಡಪ್ಪ ಸಕ್ಕರೆ ಹಂಚಿದರು.

ಆದರೆ ಅವನು ಹೋದದ್ದು ಜೆ-1 ಎಂಬ ವೀಸಾದ ಮೇಲೆ. ಅದಕ್ಕೆ ಒಂದು ಕಟ್ಟಳೆಯುಂಟು. ತರಬೇತಿ ಮುಗಿದ ಮೇಲೆ ವೈದ್ಯನು ತನ್ನ ದೇಶಕ್ಕೆ ಹಿಂತಿರುಗಿ ಒಟ್ಟು ಎರಡು ವರ್ಷ ಇರಬೇಕು. ಆ ಬಳಿಕವೇ ಅಮೆರಿಕದಲ್ಲಿ ನೆಲಸುವ ಅರ್ಜಿಗೆ ದಾರಿ. ಇಂಥ ಪರಿಣತರು ನಮಗೆ ಬೇಕಾಗಿದ್ದಾರೆ, ಈತ ಮರಳಿ ಬರುವುದಾಗಿ ಬರೆದುಕೊಟ್ಟಿದ್ದಾನೆ ಎಂಬ ಪತ್ರವನ್ನು ಸ್ವದೇಶದ ಸರ್ಕಾರವೇ ಕೊಡಬೇಕು. ಅಣ್ಣನೂ ಹಾಗೆ ಬರೆದುಕೊಟ್ಟೇ ಹೋದ.

ಕಟ್ಟಳೆಯಿಂದ ಬಿಡುಗಡೆಗೂ ದಾರಿಯುಂಟು. 1994ರಲ್ಲಿ ಆರಂಭವಾದ ಕಾನ್ರಾಡ್ ಯೋಜನೆಯಂತೆ, ವೈದ್ಯರ ಕೊರತೆಯಿರುವ ಅಮೆರಿಕದ ಪ್ರದೇಶವೊಂದರಲ್ಲಿ ಮೂರು ವರ್ಷ ಸೇವೆ ಮಾಡಲು ಒಪ್ಪಿದರೆ ಎರಡು ವರ್ಷದ ನಿಯಮ ಬಿಟ್ಟುಹೋಗುತ್ತದೆ. ಅಲ್ಲಿಯ ಒಂದೊಂದು ರಾಜ್ಯವೂ ವರ್ಷಕ್ಕೆ ಮೂವತ್ತು ಮಂದಿಗೆ ಇಂಥ ಶಿಫಾರಸು ಮಾಡಬಹುದು. ಅಣ್ಣನ ತರಬೇತಿ ಬರುವ ಜೂನ್ ತಿಂಗಳಿಗೆ ಮುಗಿಯುತ್ತದೆ. ಅಂಥ ಒಂದು ಊರಿನ ಆಸ್ಪತ್ರೆ ಅವನನ್ನು ಕರೆದಿದೆ. ಇರಲೋ ಬರಲೋ ಎಂದು ಅವನು ಫೋನಿನಲ್ಲಿ ನಮ್ಮೆಲ್ಲರನ್ನೂ ಕೇಳುತ್ತಿದ್ದಾನೆ.

ಇದರ ನಡುವೆ ಒಂದು ನೋವಿನ ಸಂಗತಿಯನ್ನು ಹೇಳಬೇಕು. ಹೋದ ವರ್ಷ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಬೆಳಗಿನ ಜಾವ ಹುಳುವಿಗೆ ಸೊಪ್ಪು ಹಾಕುತ್ತಿದ್ದವರ ಬಲಗೈ ಹಾಗೆಯೇ ಜೋತುಬಿತ್ತು. ನಾವು ಮೊದಲು ಒಂದು ಆಸ್ಪತ್ರೆಗೆ, ಅಲ್ಲಿಂದ ಇನ್ನೊಂದಕ್ಕೆ ಹೋದೆವು. ಅಣ್ಣನಿಗೆ ಸುದ್ದಿ ಮುಟ್ಟಿದಾಗ, "ಎಲ್ಲಿಯೂ ನಿಲ್ಲಬೇಡಿ, ನೇರ ಮೈಸೂರಿಗೆ ಹೋಗಿ, ನಾಲ್ಕೂವರೆ ಗಂಟೆಯೊಳಗೆ ಮದ್ದು ಬೀಳಬೇಕು" ಎಂದು ಕೂಗಿದ. ನಾವು ಮೈಸೂರು ಮುಟ್ಟಿದಾಗ ಆ ಹೊತ್ತು ಮೀರಿತ್ತು. ಜೀವ ಉಳಿಯಿತು, ಕೈ ಬರಲಿಲ್ಲ. ಬಂದರೆ ಹಿಂದಿರುಗಲು ಹೊಸದಾಗಿ ವೀಸಾ ಮುದ್ರೆ ಬೇಕು, ಅದು ತಡವಾದರೆ ತರಬೇತಿಯೇ ಕೆಡುತ್ತದೆ ಎಂದು ಅಣ್ಣ ಬರಲಿಲ್ಲ. ಆ ವಾರವೆಲ್ಲ ಅವನು ಅಲ್ಲಿ ಯಾರದೋ ತಾಯಂದಿರಿಗೆ ಮದ್ದು ಕೊಡುತ್ತಿದ್ದ.

ಹಾಗೆಂದು ಕೂಡಲೇ "ಮರಳು, ಇದು ನಿನ್ನ ಕರ್ತವ್ಯ" ಎಂದುಬಿಡುವುದು ಸುಲಭ. ಅಣ್ಣನ ವಾದಕ್ಕೂ ಕಿವಿಗೊಡಬೇಕು. ನಮ್ಮ ರಾಜ್ಯದ 2012ರ ಕಾಯಿದೆ ವಿಧಿಸಿದ ಒಂದು ವರ್ಷದ ಗ್ರಾಮಸೇವೆಯನ್ನು ಅವನು ಮಾಡಿಯೇ ಹೋಗಿದ್ದಾನೆ. "ಆ ವರ್ಷ ನಾನು ಮದ್ದು ಕೊಟ್ಟದ್ದಕ್ಕಿಂತ ಚೀಟಿ ಬರೆದು ಮೈಸೂರಿಗೆ ಕಳಿಸಿದ್ದೇ ಹೆಚ್ಚು. ಸಲಕರಣೆ ಇಲ್ಲದ ಕಡೆ ನನ್ನ ಕಲಿಕೆ ತುಕ್ಕು ಹಿಡಿಯುತ್ತದೆ" ಎನ್ನುತ್ತಾನೆ. "ಅಮೆರಿಕದ ಹಳ್ಳಿಯ ರೋಗಿಯೂ ಮನುಷ್ಯನಲ್ಲವೆ?" ಎಂದೂ ಕೇಳುತ್ತಾನೆ. ಆ ದೇಶದ ವೈದ್ಯರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಹೊರದೇಶದಲ್ಲಿ ಓದಿದವರು. ಅವರು ನಿಂತದ್ದರಿಂದ ಅಲ್ಲಿಯ ಎಷ್ಟೋ ಬಡವರಿಗೆ ಚಿಕಿತ್ಸೆ ದೊರೆತಿದೆ ಎಂಬುದನ್ನು ಅಲ್ಲಗಳೆಯಲಾಗದು.

ಇದಕ್ಕೆ ನನ್ನ ಉತ್ತರ ಇಷ್ಟೆ. ನೋವಿಗೆ ದೇಶವಿಲ್ಲ, ನಿಜ; ಆದರೆ ಸಾಲಕ್ಕೆ ಸಾಲ ಕೊಟ್ಟವರ ಮನೆಯುಂಟು. ಸರ್ಕಾರಿ ಕಾಲೇಜಿನಲ್ಲಿ ಅಣ್ಣ ಕಟ್ಟಿದ ಶುಲ್ಕ ಅವನ ಓದಿಗೆ ತಗುಲಿದ ವೆಚ್ಚದ ಒಂದು ಪಾಲು ಮಾತ್ರ. ಉಳಿದದ್ದನ್ನು ತೆತ್ತವರಲ್ಲಿ ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ನಮ್ಮೂರಿನ ಕೂಲಿಯವರೂ ಇದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎನ್ನುವುದು ಓದಿದವರ ಮಾತಾಗಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮರಳುತ್ತೇನೆಂದು ಬರೆದುಕೊಟ್ಟದ್ದು ಒಂದು ಮಾತು. ಕಾನೂನು ಆ ಮಾತಿನಿಂದ ಬಿಡಿಸಬಹುದು, ಮನಸ್ಸು ಬಿಡಿಸುವುದೆ?

ಆದರೂ ಅಣ್ಣ ತನ್ನ ಆಯುಸ್ಸನ್ನೆಲ್ಲ ಇಲ್ಲಿಯೇ ಸವೆಸಬೇಕೆಂದು ನಾನು ಹೇಳುವುದಿಲ್ಲ. ಬರೆದುಕೊಟ್ಟಂತೆ ಬಂದು ಎರಡು ವರ್ಷ ಇಲ್ಲಿ ದುಡಿಯಲಿ, ಆಮೇಲೆ ಮುಂದಿನದನ್ನು ತೀರ್ಮಾನಿಸಲಿ ಎಂಬುದೇ ನನ್ನ ಮತ. ದೂರದಿಂದ ಅಮೆರಿಕವೂ ನುಣ್ಣಗೆ, ಇಲ್ಲಿಯ ಕಷ್ಟವೂ ದೊಡ್ಡದು. ಹತ್ತಿರದಿಂದ ಎರಡನ್ನೂ ಕಂಡವನ ತೀರ್ಮಾನಕ್ಕೆ ಹೆಚ್ಚು ಬೆಲೆ. ಅಮೆರಿಕ, ಇಂಗ್ಲೆಂಡ್ ಮೊದಲಾದ ಐದು ದೇಶಗಳ ಸ್ನಾತಕೋತ್ತರ ವೈದ್ಯ ಪದವಿಗಳಿಗೆ 2008ರಲ್ಲಿಯೇ ಭಾರತ ಸರ್ಕಾರ ಮಾನ್ಯತೆ ಕೊಟ್ಟಿದೆ. ನಮ್ಮ ಜಿಲ್ಲೆಯಲ್ಲೇ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ಇಪ್ಪತ್ತು ವರ್ಷ ಹಿಂದೆ ಮರಳಿದವನಿಗೆ ಇಲ್ಲದ ನೆಲೆ ಇಂದು ಮರಳುವವನಿಗೆ ಉಂಟು.

ಮರಳುವವರೆಲ್ಲ ಮಹಾಪುರುಷರಾಗಬೇಕಿಲ್ಲ ಎಂಬುದನ್ನೂ ನೆನೆಯಬೇಕು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ದುಡಿದದ್ದು ಒಂದು ಬಗೆ. ಇಂಗ್ಲೆಂಡಿನಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ಡಾ. ದೇವಿ ಶೆಟ್ಟಿಯವರು 1989ರಲ್ಲಿ ಮರಳಿ ಕಲ್ಕತ್ತೆಯ ಸುಸಜ್ಜಿತ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದ್ದು ಇನ್ನೊಂದು ಬಗೆ. ಮೊದಲನೆಯದು ಎಲ್ಲರಿಗೂ ಸಾಧ್ಯವಲ್ಲ. ಕೈಕಟ್ಟಿದ ವೈದ್ಯನನ್ನು ಕರೆದು ತಂದು ಏನು ಫಲ? ಆದುದರಿಂದ "ಬಾ" ಎನ್ನುವ ಸರ್ಕಾರ, ಬಂದವನಿಗೆ ಸಲಕರಣೆಯನ್ನೂ, ಕಾಲಕ್ಕೆ ಸರಿಯಾಗಿ ಸಂಬಳವನ್ನೂ, ರಾತ್ರಿ ಕೆಲಸಕ್ಕೆ ಜೊತೆಗಾರರನ್ನೂ ಕೊಡಬೇಕು. ಇಲ್ಲದಿದ್ದರೆ ಕರೆಯುವ ಹಕ್ಕು ಅದಕ್ಕಿಲ್ಲ.

ಕರೆಯುವ ಹಕ್ಕು ನಮಗಾದರೂ ಉಂಟೆ? ನಾನು ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲನೆಯವನು. ಪರೀಕ್ಷೆ ಮುಗಿದ ಮರುದಿನವೇ ಬೆಂಗಳೂರಿನ ಬಸ್ಸು ಹತ್ತುವ ಯೋಚನೆ ನನ್ನ ತರಗತಿಯ ಬಹುಮಂದಿಗೆ ಇದೆ, ನನಗೂ ಇತ್ತು. ಅಣ್ಣನಿಗೆ "ಮರಳು" ಎಂದು ಬರೆಯಲು ಕುಳಿತಾಗ ಆ ಮಾತು ನನಗೇ ತಿರುಗಿತು. ಬಿ.ಎಡ್. ಮುಗಿಸಿ ನಮ್ಮ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂದೆರಡು ವರ್ಷವಾದರೂ ಪಾಠ ಹೇಳುವೆನೆಂದು ಅದೇ ಕಾಗದದ ಕೊನೆಗೆ ಬರೆದಿದ್ದೇನೆ. ನಾನು ಹೊರದ ಹೊರೆಯನ್ನು ಇನ್ನೊಬ್ಬನ ತಲೆಗೆ ಏರಿಸುವುದು ಸರಿಯಲ್ಲ.

ದೊಡ್ಡಮ್ಮ ಮಾತ್ರ, "ನನ್ಗೋಸ್ಕರ ಅವ್ನು ಬರಾದು ಬ್ಯಾಡ ಅಂತ ಬರಿ" ಎಂದರು. ಬರೆದೆ. ಅದರ ಕೆಳಗೆ, "ದೊಡ್ಡಮ್ಮನಿಗಾಗಿ ಅಲ್ಲ, ಇನ್ನು ಮುಂದೆ ಹೀಗೆ ಕೈ ಸೋಲುವವರಿಗಾಗಿ ಬಾ" ಎಂದೂ ಬರೆದೆ. ಉತ್ತರ ಇನ್ನೂ ಬಂದಿಲ್ಲ.

— ಅಂತಿಮ ಬಿ.ಎ. ವಿದ್ಯಾರ್ಥಿ