ಬೆಂಗಳೂರಿಗೆ ಪ್ರವಾಸ ಸರಿ, ನಮ್ಮೂರಲ್ಲಿ ಇಳಿಯೋರು ಯಾರು?

ಶಾಲಾ ಪ್ರವಾಸ ಅಂದ್ರೆ ಕೋಲಾರ, ಮಾಲೂರು ಕಡೆ ಮಕ್ಕಳಿಗೆ ಬೆಂಗಳೂರಿನ ಕಸ್ತೂರಬಾ ರಸ್ತೆ. ಅಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ, 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಗಂಗರ ಕಾಲದ ಆತಕೂರು ಶಾಸನ ಇರೋದೂ ಅಲ್ಲೇ. ಮಕ್ಕಳು ನೋಡಲೇಬೇಕು.

ಆದರೆ ಆ ಗಂಗರ ಮೊದಲ ರಾಜಧಾನಿ ನಮ್ಮ ಕೋಲಾರ. ಇಲ್ಲಿ ಯಾರು ಇಳಿಯುತ್ತಾರೆ? ಬೆಂಗಳೂರಿಂದ ತಿರುಪತಿಗೆ ಹೋಗುವ ಗಾಡಿಗಳು ಹೆದ್ದಾರಿ 75ರಲ್ಲಿ ಕೋಲಾರ, ಮುಳಬಾಗಿಲು ದಾಟಿಕೊಂಡೇ ಹೋಗುತ್ತವೆ. ಕೋಲಾರಮ್ಮ, ಸೋಮೇಶ್ವರ ದೇವಸ್ಥಾನ ಊರೊಳಗೇ ಇವೆ. ಆವಣಿ, ಕುರುಡುಮಲೆಯೂ ದೂರವಿಲ್ಲ.

ಬಸ್ ನಿಲ್ಲಲು ಜಾಗ, ಶುಚಿಯಾದ ಶೌಚಾಲಯ, ಇತಿಹಾಸ ತಿಳಿಸುವ ಫಲಕ ಇದ್ದರೆ ಜನ ಒಂದು ಗಂಟೆ ಇಳಿದಾರು. ಹೋಟೆಲಿಗೂ ವ್ಯಾಪಾರ, ಶ್ರೀನಿವಾಸಪುರದ ಮಾವಿಗೂ ಗಿರಾಕಿ. ಇದನ್ನು ನಗರಸಭೆ ಮುಂದೆ ಕೇಳಬೇಕಾದವರು ಅಂಗಡಿಯವರೇ.