ಗೆರೆಯಾಚೆ ನಿಂತವರಿಗೆ

ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವುದಾದರೂ ಬ್ಯಾಡ್ಮಿಂಟನ್ ಅಕಾಡೆಮಿಗೆ ಹೋಗಿ. ಹನ್ನೊಂದು ವರ್ಷದೊಳಗಿನವರ ಟೂರ್ನಮೆಂಟು ನಡೆಯುತ್ತಿದ್ದರೆ ಹತ್ತು ನಿಮಿಷ ನಿಂತು ನೋಡಿ. ಆಟವನ್ನಲ್ಲ, ಸುತ್ತ ನಿಂತವರನ್ನು. ಮೊದಲ ಸುತ್ತುಗಳಲ್ಲಿ ಲೈನ್ ಜಡ್ಜ್‌ಗಳು ಇರುವುದು ಅಪರೂಪ; ಎಷ್ಟೋ ಕಡೆ ಹಿಂದಿನ ಮ್ಯಾಚಿನಲ್ಲಿ ಸೋತ ಮಗುವನ್ನೇ ಅಂಪೈರ್ ಕುರ್ಚಿಗೆ ಹತ್ತಿಸಿರುತ್ತಾರೆ. ಶಟಲ್ ಹಿಂದಿನ ಗೆರೆಯ ಮೇಲೆ ಬೀಳುತ್ತದೆ. ಆಡುತ್ತಿರುವ ಹುಡುಗಿ ಅದನ್ನು ಕಂಡಿದ್ದಾಳೆ. ಅವಳು ಬಾಯಿ ತೆರೆಯುವ ಮೊದಲೇ ಆಚೆಯಿಂದ ಅಪ್ಪನ ದನಿ: "ಔಟ್! ಔಟ್ ಅನ್ನು ಪುಟ್ಟಿ!" ಹುಡುಗಿ ಒಮ್ಮೆ ಗೆರೆ ನೋಡುತ್ತಾಳೆ, ಒಮ್ಮೆ ಅಪ್ಪನ ಮುಖ ನೋಡುತ್ತಾಳೆ. ಆಮೇಲೆ ಕೈ ಎತ್ತಿ "ಔಟ್" ಅನ್ನುತ್ತಾಳೆ. ಕುರ್ಚಿಯ ಮೇಲಿನ ಮಗು ಏನು ತಾನೇ ಮಾಡೀತು? ಬೆಳೆದ ಗಂಡಸೊಬ್ಬ ಪಕ್ಕದಲ್ಲೇ ಕೂಗುತ್ತಿದ್ದಾನೆ. ಪಾಯಿಂಟ್ ಕೊಟ್ಟುಬಿಡುತ್ತದೆ.

ಆ ಒಂದು ಪಾಯಿಂಟಿಗೆ ಆ ಅಪ್ಪ ಎಷ್ಟು ಬೆಲೆ ತೆತ್ತನೆಂದು ಯಾರಾದರೂ ಅವನಿಗೆ ಹೇಳಲೇಬೇಕು. ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದನ್ನು ಮಗಳಿಗೆ ಮೊದಲು ಕಲಿಸಿದ್ದು ಬೀದಿಯ ಪುಂಡರಲ್ಲ, ಹೆತ್ತ ತಂದೆ. ಸ್ಮ್ಯಾಶ್ ಕಲಿಸಲು ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಕೋಚ್ ಇಟ್ಟವರು, ಈ ಪಾಠವನ್ನು ಮಾತ್ರ ಪುಕ್ಕಟೆ ಹೇಳಿಕೊಟ್ಟೆವು.

ಸೋತ ದಿನದ ಕಾರು ಇನ್ನೊಂದು ಕತೆ. ಮಗು ಹಿಂದಿನ ಸೀಟಿನಲ್ಲಿ ಕಿಟ್‌ಬ್ಯಾಗ್ ತಬ್ಬಿಕೊಂಡು ಕೂತಿದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಡಿ ಕದಲುತ್ತಿಲ್ಲ, ಅಪ್ಪನ ಬಾಯಿ ನಿಲ್ಲುತ್ತಿಲ್ಲ. "ಎರಡನೇ ಗೇಮಲ್ಲಿ ಹದಿನೈದು–ಹನ್ನೊಂದು ಮುಂದಿದ್ಯಲ್ಲೋ, ಏನಾಯ್ತು ಆಮೇಲೆ? ಆ ಹುಡುಗ ನಿನಗಿಂತ ಚಿಕ್ಕೋನು!" ಅಮ್ಮ ಮುಂದಿನ ಸೀಟಿನಿಂದ, "ನಿನಗೋಸ್ಕರ ಅಪ್ಪ ರಜಾ ಹಾಕಿ ಬಂದಿದ್ದಾರೆ" ಅನ್ನುತ್ತಾಳೆ. ಮಗುವಿಗೆ ಅರ್ಥವಾಗುವುದು ಇಷ್ಟೇ: ತಾನು ಸೋತದ್ದು ಮ್ಯಾಚನ್ನಲ್ಲ, ಅಪ್ಪನ ಒಂದು ದಿನದ ರಜೆಯನ್ನು.

ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಮಗಳ ಆಟಕ್ಕಾಗಿ ದಾವಣಗೆರೆಯ ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಬಂದವರಿದ್ದಾರೆ, ಚಿನ್ನ ಅಡವಿಟ್ಟವರಿದ್ದಾರೆ. ಒಂದು ಸರ್ಟಿಫಿಕೇಟಿನ ಹಿಂದೆ ಕ್ರೀಡಾ ಕೋಟಾದ ಸೀಟಿದೆ, ಮುಂದೊಂದು ಕೆಲಸದ ಆಸೆಯಿದೆ. ಆದರೆ ಆ ಸಾಲದ ಪತ್ರಕ್ಕೆ ಹತ್ತು ವರ್ಷದ ಮಗು ಸಹಿ ಹಾಕಿಲ್ಲ.

ಇದು ಪೇಟೆಯ ದುಡ್ಡಿದ್ದವರ ರೋಗವೆಂದು ಹಳ್ಳಿಯವರು ನಗಬೇಕಾಗಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟದ ಕಬಡ್ಡಿ ನೋಡಿದ್ದೀರಲ್ಲ? ಊಟದ ಹೊತ್ತಿಗೆ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿರುತ್ತದೆ. ರೇಡಿಗೆ ಹೋದ ಹುಡುಗನ ಕಾಲು ಆಚೆ ಬಿತ್ತೋ ಈಚೆ ಬಿತ್ತೋ ಎಂಬ ವಾದ ಎದ್ದರೆ, ಮೊದಲು ಅಂಗಳಕ್ಕೆ ನುಗ್ಗುವವರು ಹುಡುಗರಲ್ಲ, ಪಂಚೆ ಎತ್ತಿ ಕಟ್ಟಿದ ದೊಡ್ಡವರು. ಪಕ್ಕದೂರಿನ ಪಿ.ಇ. ಮೇಷ್ಟ್ರ ಕೊರಳಪಟ್ಟಿ ಹಿಡಿದವರನ್ನು ಮಕ್ಕಳು ಸಾಲಾಗಿ ನಿಂತು ನೋಡುತ್ತಾರೆ. ಮಾರನೆಯ ದಿನ ಅದೇ ಮೇಷ್ಟ್ರು ಅದೇ ಮಕ್ಕಳಿಗೆ ಶಿಸ್ತು ಕಲಿಸಬೇಕಂತೆ.

ವಯಸ್ಸಿನ ಮೋಸ ಇದೆಲ್ಲದಕ್ಕಿಂತ ಆಳವಾದ ಗಾಯ. ಎರಡು ವರ್ಷ ಕಡಿಮೆ ತೋರಿಸುವ ಇನ್ನೊಂದು ಜನನ ಪತ್ರ, ಅದಕ್ಕೆ ತಕ್ಕಂತೆ ತಿದ್ದಿಸಿದ ಶಾಲಾ ದಾಖಲೆ. ಯಾವ ಹದಿಮೂರರ ಹುಡುಗನೂ ತಾನಾಗಿ ಕಚೇರಿಗೆ ಹೋಗಿ ಇದನ್ನು ಮಾಡಿಸಲಾರ. 2015ರ ಡಿಸೆಂಬರ್‌ನಲ್ಲಿ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ನಮ್ಮ ರಾಹುಲ್ ದ್ರಾವಿಡ್ ಹಿಡಿದು ಕೇಳಿದ್ದು ಇದನ್ನೇ. ಹೆತ್ತವರು, ಕೋಚ್ ಸೇರಿ ಸುಳ್ಳು ಪ್ರಮಾಣಪತ್ರ ಮಾಡಿಸುವುದನ್ನು ಕಣ್ಣಮುಂದೆ ನೋಡಿದ ಹುಡುಗ ಮೋಸಗಾರನಾಗದೆ ಇನ್ನೇನಾಗುತ್ತಾನೆ? ಹದಿನಾಲ್ಕರಲ್ಲಿ ವಯಸ್ಸಿನ ಸುಳ್ಳಾಗಿದ್ದದ್ದು ಇಪ್ಪತ್ತೈದರಲ್ಲಿ ಫಿಕ್ಸಿಂಗ್ ಆಗಬಹುದೆಂದು ಅವರು ಎಚ್ಚರಿಸಿದರು. ಚಪ್ಪಾಳೆ ತಟ್ಟಿದೆವು. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಅಳೆಯುವ ಪರೀಕ್ಷೆ ಇಂದಿಗೂ ನಡೆಯುತ್ತಿದೆ, ಏಕೆಂದರೆ ಅಪ್ಪ ಅಮ್ಮನ ಮಾತನ್ನು ನಂಬುವಂತಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನು ಬೇಕು?

ಈ ದಾರಿ ಎಲ್ಲಿಗೆ ಮುಟ್ಟುತ್ತದೆಂದು ನೋಡಲು 2023ರ ಸೆಪ್ಟೆಂಬರ್‌ಗೆ ಹೋಗಿ. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ರಾಜ್ಯ ಮಟ್ಟದ ಅಥ್ಲೆಟಿಕ್ಸ್. ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳು. ಉದ್ದೀಪನ ಮದ್ದು ಪರೀಕ್ಷಿಸುವವರು ಬಂದರೆಂಬ ಸುದ್ದಿ ಹಬ್ಬಿದ್ದೇ ತಡ, ಕ್ರೀಡಾಪಟುಗಳು ಮಾಯ. ಪುರುಷರ ನೂರು ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಒಬ್ಬ. ಸೂಜಿ ಹಿಡಿದ ಆ ಕೈಗಳೂ ಒಂದು ಕಾಲಕ್ಕೆ ಚಿಕ್ಕ ಕೈಗಳೇ. ಗೆದ್ದರೆ ಸಾಕು, ಹೇಗೆ ಗೆದ್ದೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದನ್ನು ಮಕ್ಕಳು ಎಳವೆಯಲ್ಲೇ ತಿಳಿದುಕೊಳ್ಳುತ್ತವೆ.

ಹಾಗೆ ಬೆಳೆಸಿದರೇ ಚಾಂಪಿಯನ್ ಆಗುವುದು ಎನ್ನುವವರು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್ ನೆನಪಿಸಿಕೊಳ್ಳಲಿ. ಅದು ಮದುವೆ ಮಂಟಪ. ಮದುವೆ ಇದ್ದ ದಿನ ಆಟವಿಲ್ಲ. ಅಲ್ಲಿ ರ‍್ಯಾಕೆಟ್ ಹಿಡಿದ ಪ್ರಕಾಶ್ ಪಡುಕೋಣೆ 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತರು. ಆಗ ಅವರಿಗೆ ಏಳು ವರ್ಷ. ತಂದೆ ರಮೇಶ್ ಪಡುಕೋಣೆ ರಾಜ್ಯದ ಬ್ಯಾಡ್ಮಿಂಟನ್ ಸಂಸ್ಥೆಗೆ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ದುಡಿದವರು. ಕಾರ್ಯದರ್ಶಿಯ ಮಗನೂ ಮೊದಲ ಸುತ್ತಿನಲ್ಲಿ ಸೋತು ಮನೆಗೆ ಹೋಗಬಹುದಾಗಿದ್ದ ಕಾಲ ಅದು! ಎರಡು ವರ್ಷಕ್ಕೆ ಆ ಪ್ರಶಸ್ತಿ ಬಂತು, 1980ರಲ್ಲಿ ಆಲ್ ಇಂಗ್ಲೆಂಡ್.

ಅದೇ 1980ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ನಾಯಕ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿಯಾಗಿತ್ತು. ಬ್ಯಾಟಿಗೆ ಚೆಂಡು ತಾಕಿಲ್ಲವೆಂದು ವಿಶಿಗೆ ಅನ್ನಿಸಿತು, ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಇವತ್ತು ಅಂಥದ್ದನ್ನು ಮಾಡಿದ ಹದಿಮೂರರ ಹುಡುಗನೊಬ್ಬ ಬೌಂಡರಿ ದಾಟಿ ಬಂದರೆ, ಅವನ ಬೆನ್ನು ತಟ್ಟುವ ಅಪ್ಪಂದಿರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ? "ದೊಡ್ಡ ಹರಿಶ್ಚಂದ್ರ ಬಂದ" ಅನ್ನುವವರೇ ಹೆಚ್ಚು.

ಹರಿಯಾಣದ ಒಬ್ಬ ತಾಯಿಯನ್ನೂ ನೋಡಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಮಗ ನೀರಜ್ ಚೋಪ್ರಾ ಬೆಳ್ಳಿಗೆ ನಿಂತ, ಚಿನ್ನ ಪಾಕಿಸ್ತಾನದ ಅರ್ಷದ್ ನದೀಮ್ ಪಾಲಾಯಿತು. ಮೈಕುಗಳು ಮನೆಬಾಗಿಲಿಗೆ ಬಂದಾಗ ಸರೋಜ್ ದೇವಿ, ಗೆದ್ದವನೂ ನಮ್ಮ ಮಗನೇ, ಅವನೂ ಕಷ್ಟಪಟ್ಟೇ ಗೆದ್ದಿದ್ದಾನೆ ಎಂದರು. ಎದುರಾಳಿಯ ತಾಯಿಯೂ ನೀರಜ್ ಬಗ್ಗೆ ಅಂಥದೇ ಮಾತಾಡಿದರು.

ನಾರ್ವೆ ದೇಶದ ನಿಯಮವೂ ಕೇಳುವಂತಿದೆ: ಮಗುವಿಗೆ ಹನ್ನೊಂದಾಗುವವರೆಗೆ ರ‍್ಯಾಂಕಿಂಗ್, ಅಂಕಪಟ್ಟಿ ಏನೂ ಇಲ್ಲ, ಹದಿಮೂರಾಗುವವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಹೀಗೆ ಬೆಳೆಸಿದರೆ ಮಕ್ಕಳು ಮೆತ್ತಗಾಗುತ್ತಾರೆ ಎನ್ನುವ ಕೋಚ್‌ಗಳು 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಪಟ್ಟಿ ತೆರೆದು ನೋಡಲಿ. ನಮ್ಮ ಬೆಂಗಳೂರಿನ ಅರ್ಧದಷ್ಟು ಜನಸಂಖ್ಯೆಯೂ ಇಲ್ಲದ ಆ ದೇಶ 16 ಚಿನ್ನ ಗೆದ್ದು ಮೊದಲ ಸ್ಥಾನದಲ್ಲಿತ್ತು.

ಆದ್ದರಿಂದ ಅಪ್ಪಂದಿರೇ, ಅಮ್ಮಂದಿರೇ, ಮುಂದಿನ ಭಾನುವಾರ ಕೋರ್ಟಿನಿಂದ ದೂರ ಕೂರಿ. ಎದುರಾಳಿ ಮಗು ಒಳ್ಳೆಯ ಹೊಡೆತ ಹೊಡೆದರೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ನಿಮ್ಮ ಮಗು ತಿರುಗಿ ನೋಡಲಿ, ಪರವಾಗಿಲ್ಲ. ಮ್ಯಾಚ್ ಮುಗಿದ ಮೇಲೆ ಮೊದಲ ಪ್ರಶ್ನೆ "ಹಸಿವಾಯ್ತಾ?" ಎಂಬುದಾಗಿರಲಿ. ಆಟದ ಮಾತು ಮಗುವೇ ತೆಗೆದಾಗ ತೆಗೆಯಲಿ. ಸಂಘಟಕರೇ, ಎಂಟ್ರಿ ಫೀಸ್ ಎಣಿಸುವಷ್ಟೇ ಮುತುವರ್ಜಿಯಿಂದ ಲೈನ್ ಜಡ್ಜ್‌ಗಳನ್ನು ನೇಮಿಸಿ. ಕೂಗಾಡುವ ಪೋಷಕರನ್ನು ಒಂದು ಸಲ ಎಚ್ಚರಿಸಿ, ಎರಡನೇ ಸಲ ಹೊರಗೆ ಕಳಿಸಿ. ಕೋಚ್‌ಗಳೇ, ವಯಸ್ಸಿನ ಸತ್ಯ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಕಣ್ಣು ಮುಚ್ಚಿಕೊಂಡಿರಲು ನೀವು ಹೇಳುವ ಕಾರಣಗಳೆಲ್ಲ ಸವೆದುಹೋಗಿವೆ.

ಕೊನೆಗೆ, ಮನೆಯ ಬೀರುವಿನಲ್ಲಿ ಮಗನ ಎರಡು ಜನನ ಪತ್ರ ಇಟ್ಟುಕೊಂಡವರಿಗೆ. 2020ರಲ್ಲಿ ಕ್ರಿಕೆಟ್ ಮಂಡಳಿ ಒಂದು ಬಾಗಿಲು ತೆರೆದಿತ್ತು: ತಾವಾಗಿ ಬಂದು ನಿಜವಾದ ವಯಸ್ಸು ಹೇಳಿದವರಿಗೆ ಶಿಕ್ಷೆಯಿಲ್ಲ, ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ. ಇಂದು ಅಂಥ ಬಾಗಿಲು ಇರಲಿ, ಇಲ್ಲದಿರಲಿ, ಸೋಮವಾರ ಸಂಘದ ಕಚೇರಿಗೆ ಹೋಗಿ ನಿಜ ಹೇಳಿ. ಒಂದೆರಡು ಸೀಸನ್ ಕೈತಪ್ಪೀತು. ಮಗನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಸುಳ್ಳು ಹೇಳುವಾಗ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಿರಿ, ಈಗಲೂ ಕರೆದುಕೊಂಡು ಹೋಗಿ.