ಕುಂಡದೊಳಗಿನ ತೆಂಗು

ತೆಂಗು ಉಷ್ಣವಲಯದ ಕಡಲಂಚಿನ ಮರ. ಬಿಸಿಲು, ತೇವದ ಗಾಳಿ, ಆಳವಾದ ಮಣ್ಣು ಇವೇ ಅದರ ಜೀವಾಳ. ಇಂಗ್ಲೆಂಡಿನಲ್ಲಿ ಮೊಳೆತ ಕಾಯನ್ನು ಕುಂಡದಲ್ಲಿಟ್ಟು ಮನೆಯೊಳಗೆ ಸಾಕುವವರುಂಟು. ದೂರದೇಶದ ಚೆಲುವನ್ನು ಹತ್ತಿರ ಕಾಣುವ ಆಸೆ ತಪ್ಪಲ್ಲ. ಬೇಸಿಗೆಯಲ್ಲಿ ಕಾಯೊಳಗಿನ ಆಹಾರದ ಬಲದಿಂದ ಸಸಿ ಚಿಗುರುತ್ತದೆ. ಚಳಿಗಾಲ ಬಂದೊಡನೆ ಬೆಳಕು ಕುಗ್ಗಿ, ಬೇರು ತಣ್ಣಗಾಗಿ, ಗರಿಗಳು ಕಂದುತ್ತವೆ. ಮರುಕದಿಂದ ಮತ್ತಷ್ಟು ನೀರೆರೆದರೆ ಬೇರೇ ಕೊಳೆಯುತ್ತದೆ.

ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತಾಳೆ ಜಾತಿಯ ಮರಗಳಿಗಾಗಿ 1844ರಿಂದ 1848ರವರೆಗೆ ಕಬ್ಬಿಣ, ಗಾಜುಗಳ ಭವನವನ್ನೇ ಕಟ್ಟಿ, ನೆಲದಡಿಯ ಬಾಯ್ಲರುಗಳಿಂದ ಬಿಸಿ ಮಾಡಬೇಕಾಯಿತು. ಅಷ್ಟು ಅನುಕೂಲ ಸಾಮಾನ್ಯ ಮನೆಗೆಲ್ಲಿಯದು? ಮಂದ ಬೆಳಕನ್ನೂ ತಂಪನ್ನೂ ತಾಳಬಲ್ಲ ಕೆಂಟಿಯಾ ತಾಳೆಯನ್ನು ಆರಿಸಿಕೊಳ್ಳುವುದೇ ಅಲ್ಲಿ ವಿವೇಕ. ಜೀವದ ಸ್ವಭಾವವನ್ನು ಅರಿಯದ ಅಕ್ಕರೆ ಎಷ್ಟೇ ನಿಷ್ಕಪಟವಾಗಿದ್ದರೂ ಆರೈಕೆಯಾಗಲಾರದು.